ಹಮೂರ್‌ಗೆ ಗಾಳ: ದಾರ, ಸೀಸ, ಸೆಳೆತ, ಮತ್ತೆ ಮೀನಿನ ಹೊಟ್ಟೆಯೊಳಗಿನ ಗಾಳಿ

ಈ ಸಂಚಿಕೆ ಬಹರೈನ್‌ನ ಸನದ್‌ನಿಂದ. ನಾನಿರುವ ಮನೆಯಿಂದ ಸ್ವಲ್ಪ ದೂರದಲ್ಲೇ ತೂಬ್ಲಿ ಕೊಲ್ಲಿ. ರಾಸ್ ಸನದ್ ಅನ್ನೋ ಕಡೆ ಒಂದಿಷ್ಟು ಕಾಂಡ್ಲಾ ಗಿಡ ಇನ್ನೂ ಉಳಿದುಕೊಂಡಿದೆ. ಕುಂದಾಪುರದ ಹೊಳೆಬದಿ ನೋಡಿದವರಿಗೆ ಆ ಗಿಡದ ಪರಿಚಯ ಇದ್ದೇ ಇರುತ್ತೆ. ಕೊಲ್ಲಿಯ ಬಹುಪಾಲು ಮಣ್ಣು ತುಂಬಿ ರಸ್ತೆ, ಮನೆ ಆಗಿಹೋಗಿದೆ. ಉಳಿದದ್ದು 1997ರಿಂದ ರಾಮ್‌ಸಾರ್ ಪಟ್ಟಿಯಲ್ಲಿದೆ. ಇದನ್ನ ಮೊದಲೇ ಯಾಕೆ ಹೇಳಿದೆ ಅಂದರೆ, ಇವತ್ತು ಮಾತಾಡೋ ಮೀನುಗಳಲ್ಲಿ ಕೆಲವು ಮರಿಯಾಗಿದ್ದಾಗ ಅಡಗಿ ಬೆಳೆಯೋದು ಇಂಥ ಆಳವಿಲ್ಲದ ನೀರಲ್ಲೇ.

ವಿಷಯ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಕೊಲ್ಲಿ ದೇಶಗಳಲ್ಲಿರುವ ಕೇಳುಗರು ಹಲವರು ಒಂದೇ ಮಾತು ಬರೆದಿದ್ದಾರೆ: "ಸರ್, ಶುಕ್ರವಾರ ಬೋಟಲ್ಲಿ ಗಾಳ ಹಾಕೋಕೆ ಹೋಗ್ತೀವಿ. ಅಂಗಡಿಗೆ ಹೋದರೆ ಗೋಡೆ ತುಂಬ ರಾಡು, ರೀಲು. ಯಾವುದು ತಗೊಳ್ಳೋದು?" ಯಾವ ಕಂಪನಿಯದು ಅಂತ ನಾನು ಹೇಳಲ್ಲ. ಆದರೆ ಯಾಕೆ ಅಂತ ಗೊತ್ತಾದರೆ ಯಾವುದು ಅನ್ನೋದನ್ನ ನೀವೇ ಆರಿಸ್ತೀರಿ. ಎಲ್ಲ ಹೈಸ್ಕೂಲಿನ ಭೌತಶಾಸ್ತ್ರವೇ, ಹೆದರಬೇಡಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಇಲ್ಲಿಗೆ ಬಂದ ಹೊಸದರಲ್ಲಿ ಸಿತ್ರಾದಿಂದ ಒಂದು ಬೋಟಲ್ಲಿ ಆರು ಜನ ಹೋಗಿದ್ದೆವು. ಜೊತೆಗೆ ಗಂಗೊಳ್ಳಿ ಕಡೆಯ ಒಬ್ಬರು ಹಿರಿಯರು. ನಾವೆಲ್ಲ ಅಣ್ಣ ಅಂತಲೇ ಕರೆಯೋದು. ಇಪ್ಪತ್ತೈದು ಮೀಟರ್ ಆಳದಿಂದ ನನ್ನ ಗಾಳಕ್ಕೆ ಒಂದು ಪುಟ್ಟ ಹಮೂರ್ ಬಂತು. ಚಿಕ್ಕದು, ಪಾಪ ಅಂತ ಗಾಳ ಬಿಡಿಸಿ ನೀರಿಗೆ ಬಿಟ್ಟೆ. ದೊಡ್ಡ ಪುಣ್ಯದ ಕೆಲಸ ಮಾಡಿದ ಹಾಗೆ ಕೈ ಒರೆಸಿಕೊಂಡು ಕೂತೆ. ಮೀನು ಮುಳುಗಲೇ ಇಲ್ಲ. ಹೊಟ್ಟೆ ಮೇಲೆ ಮಾಡಿಕೊಂಡು ತೇಲ್ತಾ ಹೋಯಿತು. ಬಾಯಿಂದ ಗುಲಾಬಿ ಬಣ್ಣದ ಬಲೂನಿನ ಹಾಗೆ ಏನೋ ಹೊರಗೆ ಬಂದಿತ್ತು. ಐದು ನಿಮಿಷದಲ್ಲಿ ಕಡಲಹಕ್ಕಿ ಬಂದು ಕುಕ್ಕೋಕೆ ಶುರು ಮಾಡಿತು. ಅಣ್ಣ ನೋಡಿ, "ನೀನು ಅದನ್ನ ಬಿಟ್ಟದ್ದಲ್ಲ ಮಾರಾಯ, ಬಿಸಾಡಿದ್ದು. ಅದಕ್ಕಿಂತ ಸಾರು ಮಾಡಬಹುದಿತ್ತು" ಅಂದರು. ಆ ಮೀನಿಗೆ ಏನಾಯಿತು, ಏನು ಮಾಡಿದ್ದರೆ ಬದುಕ್ತಿತ್ತು ಅನ್ನೋದು ಈ ಸಂಚಿಕೆಯ ಮುಖ್ಯ ಭಾಗ. ಅದಕ್ಕೆ ಬರೋಣ. ಅದಕ್ಕೂ ಮೊದಲು ಕಡಲು.

ಎಂಥ ಕಡಲು ಇದು

ಪರ್ಷಿಯನ್ ಕೊಲ್ಲಿ, ಅರಬರು ಅರೇಬಿಯನ್ ಕೊಲ್ಲಿ ಅಂತಾರೆ, ಒಂದು ಅಗಲವಾದ ತಟ್ಟೆ ಇದ್ದ ಹಾಗೆ. ಸರಾಸರಿ ಆಳ ಮೂವತ್ತೈದು ಮೀಟರ್ ಅಷ್ಟೇ. ಮಳೆ ಇಲ್ಲ, ದೊಡ್ಡ ಹೊಳೆ ಇರೋದು ಮೇಲ್ತುದಿಯಲ್ಲಿ ಮಾತ್ರ, ಬಿಸಿಲಿಗೆ ನೀರು ಆವಿಯಾಗ್ತಾನೇ ಇರುತ್ತೆ. ಹಾಗಾಗಿ ಮಲ್ಪೆಯ ಕಡಲ ನೀರು ಒಂದು ಲೀಟರ್ ಕಾಯಿಸಿದರೆ ಸುಮಾರು 35 ಗ್ರಾಂ ಉಪ್ಪು ಸಿಕ್ಕರೆ, ಬಹರೈನ್ ಸುತ್ತ 43ರಿಂದ 45 ಗ್ರಾಂ ಸಿಗುತ್ತೆ. ಬೇಸಿಗೆಯಲ್ಲಿ ಮೇಲ್ಪದರದ ಉಷ್ಣತೆ 35 ಡಿಗ್ರಿ ದಾಟುತ್ತೆ. ಚಳಿಗಾಲದಲ್ಲಿ 20ಕ್ಕಿಂತ ಎಷ್ಟೋ ಕೆಳಗಿಳಿಯುತ್ತೆ.

ಹವಳಕ್ಕೆ ಇದು ಬಹಳ ಕಷ್ಟದ ಜಾಗ. ಆದರೂ ಬದುಕಿತ್ತು. 1996 ಮತ್ತು 1998ರ ಬೇಸಿಗೆಗಳಲ್ಲಿ ನೀರು ಅತಿಯಾಗಿ ಕಾದು ಹವಳ ಬಿಳಿಚಿಕೊಂಡಿತು, ಬಹುಪಾಲು ಸತ್ತಿತು. ಸಿತ್ರಾದ ಪೂರ್ವಕ್ಕಿರುವ ಫಶ್ತ್ ಅಲ್ ಅಧ್ಮ್ ಅನ್ನೋ ದೊಡ್ಡ ದಿಬ್ಬದ ಮೇಲೆ ಈಗ ನೋಡೋಕೆ ಸಿಗೋದು ಹೆಚ್ಚಾಗಿ ಸತ್ತ ಹವಳದ ಕಲ್ಲು, ಪಾಚಿ, ಮರಳು. ಫಶ್ತ್ ಅಂದರೆ ಇಲ್ಲಿನ ಅರಬಿಯಲ್ಲಿ ಆಳವಿಲ್ಲದ ಕಲ್ಲು ದಿಬ್ಬ. ಒಳ್ಳೆಯ ಜೀವಂತ ಹವಳ ಬೇಕಾದರೆ ಉತ್ತರಕ್ಕೆ ಬಹಳ ದೂರ, ಬುಲ್ ಥಾಮಾ ದಿಬ್ಬದ ಕಡೆ ಹೋಗಬೇಕು. ಹಳೆಯ ಮುತ್ತಿನ ಚಿಪ್ಪಿನ ನೆಲೆ ಅದು. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬಹರೈನ್‌ನ ಮುತ್ತಿನ ಪರಂಪರೆಯಲ್ಲಿ ಆ ನೆಲೆಯೂ ಇದೆ.

ಹವಳ ಸತ್ತರೂ ಕಲ್ಲು ಇದೆ, ಕಲ್ಲಿನಲ್ಲಿ ಬಿಲ ಇದೆ. ಬಿಲ ಇದ್ದಲ್ಲಿ ಹಮೂರ್.

ಯಾವ ಮೀನು, ಅದರ ಗುಣ ಏನು

ಹಮೂರ್ ನಮಗೆ ಹೊಸದಲ್ಲ. ಮಂಗಳೂರು ಉಡುಪಿ ಕಡೆ ಮುರು ಮೀನು ಅಂತೀವಲ್ಲ, ಅದೇ ಬಳಗ. ಮುರುಡೇಶ್ವರದ ಆಚೆ ನೇತ್ರಾಣಿಯ ಕಲ್ಲುಗಳಲ್ಲೂ ಇದರ ನೆಂಟರಿದ್ದಾರೆ. ಇಲ್ಲಿ ಹೆಚ್ಚು ಸಿಗೋದು ಕಿತ್ತಳೆ ಚುಕ್ಕಿಯ ಜಾತಿ. ಇದು ಅಟ್ಟಿಸಿಕೊಂಡು ಹೋಗಿ ಬೇಟೆ ಆಡೋದಿಲ್ಲ. ಬಿಲದ ಬಾಯಲ್ಲಿ ಹೊಂಚು ಹಾಕಿ ಕೂತು, ಹತ್ತಿರ ಬಂದದ್ದನ್ನ ಬಾಯಿ ದಿಢೀರ್ ಅಗಲಿಸಿ ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತೆ. ಎಳೆದುಕೊಂಡ ಕೂಡಲೇ ತಿರುಗಿ ಬಿಲಕ್ಕೆ. ನಿಮಗೂ ಅದಕ್ಕೂ ಇರೋ ಪೂರ್ತಿ ಜಗಳ ಈ ಒಂದೆರಡು ಮೀಟರಿಗೆ, ಮೂರ್ನಾಲ್ಕು ಸೆಕೆಂಡಿಗೆ.

ಕನದ್, ನಮ್ಮ ಅಂಜಲ್, ತದ್ವಿರುದ್ಧ. ಬಯಲು ನೀರಿನ ಓಟಗಾರ. ದಿಬ್ಬದ ಅಂಚಿನಲ್ಲಿ ಪುಟ್ಟ ಮೀನಿನ ಹಿಂಡು ಹುಡುಕಿಕೊಂಡು ಓಡಾಡುತ್ತೆ. ಹಲ್ಲು ಬ್ಲೇಡು. ಗಾಳಕ್ಕೆ ಬಿದ್ದರೆ ಮೊದಲ ಓಟಕ್ಕೆ ನೂರು ಮೀಟರ್ ದಾರ ಕಿತ್ತುಕೊಂಡು ಹೋಗಬಲ್ಲದು. ಬಿಲದ ಚಿಂತೆ ಇಲ್ಲ, ಓಡಲಿ ಬಿಡಿ.

ಶೇರಿ ಅಂತ ಒಂದು, ಮರಳು ಮತ್ತು ಕಲ್ಲು ಸೇರುವ ಕಡೆ ಮೇಯುತ್ತೆ. ಹಿಂಭಾಗದ ಹಲ್ಲು ಅರೆಯುವ ಕಲ್ಲಿನ ಹಾಗೆ, ಏಡಿ, ಚಿಪ್ಪು ಪುಡಿ ಮಾಡುತ್ತೆ. ಬೊಂಡಾಸ್ ತುಂಡಿಗೆ ಚೆನ್ನಾಗಿ ಬರುತ್ತೆ. ಇನ್ನು ಸಾಫಿ, ಬಹರೈನಿಗಳ ಪ್ರೀತಿಯ ಮೀನು, ಪಾಚಿ ತಿನ್ನೋದು. ಅದನ್ನ ಹೆಚ್ಚಾಗಿ ಹಿಡಿಯೋದು ಗರ್ಗೂರ್ ಅನ್ನೋ ತಂತಿಯ ಗುಮ್ಮಟದಂಥ ಬೋನಿನಲ್ಲಿ. ಗಾಳದ ಆಟಕ್ಕೆ ಅಷ್ಟಾಗಿ ಸಿಗಲ್ಲ. ಆದರೆ ಸಿಕ್ಕರೆ ಬರಿಗೈಯಲ್ಲಿ ಹಿಡೀಬೇಡಿ, ಬೆನ್ನಿನ ಮುಳ್ಳಲ್ಲಿ ವಿಷ ಇದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯ ನೀರಲ್ಲಿ, 45 ಡಿಗ್ರಿ ದಾಟದ ಹಾಗೆ, ಕೈ ಅದ್ದಿಟ್ಟುಕೊಂಡರೆ ನೋವು ಇಳಿಯುತ್ತೆ. ಆ ವಿಷ ಪ್ರೋಟೀನು, ಬಿಸಿಗೆ ಕೆಡುತ್ತೆ. ನೋವಿಗೆ ಕೈ ಮರಗಟ್ಟಿರುತ್ತೆ, ಹಾಗಾಗಿ ಬಿಸಿ ಎಷ್ಟಿದೆ ಅಂತ ಇನ್ನೊಂದು ಕೈಯಿಂದ ನೋಡಿ. ಊದಿಕೊಳ್ತಾ ಹೋದರೆ, ಉಸಿರಾಟ ಕಷ್ಟ ಆದರೆ ನೇರ ಆಸ್ಪತ್ರೆಗೆ.

ದಾರ ಯಾವುದು

ಈಗ ಅಂಗಡಿಯ ಗೋಡೆಗೆ ಬರೋಣ. ರಾಡಿಗಿಂತ ಮುಂಚೆ ದಾರ ಆರಿಸಿ. ಹೆಚ್ಚಿನವರು ಇದನ್ನ ತಲೆಕೆಳಗು ಮಾಡ್ತಾರೆ.

ದಾರದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಎಳೆಯ ನೈಲಾನ್. ಇನ್ನೊಂದು ತೆಳು ಎಳೆಗಳನ್ನ ಜಡೆ ಹೆಣೆದ ಹಾಗೆ ಹೆಣೆದ ಪಾಲಿಎಥಿಲೀನ್ ದಾರ, ಬ್ರೇಡ್ ಅಂತಾರೆ. ಸುಮಾರು 20 ಕೆಜಿ ತಡೆಯುವ ನೈಲಾನ್ 0.6 ಮಿಲಿಮೀಟರ್ ದಪ್ಪ ಇರುತ್ತೆ. ಅಷ್ಟೇ ತಡೆಯುವ ಬ್ರೇಡ್ ಅದರ ಅರ್ಧ, 0.3 ಮಿಲಿಮೀಟರ್.

ದಪ್ಪ ಅರ್ಧ ಆದರೆ ಏನು ಲಾಭ? ಲೆಕ್ಕ ಹಾಕೋಣ. ಆಳ 25 ಮೀಟರ್. ನೀರಿನ ಸೆಳೆತ ಒಂದು ನಾಟ್, ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ನೆಟ್ಟಗೆ ಇಳಿದ ದಾರವನ್ನ ನೀರು ಅಡ್ಡಕ್ಕೆ ತಳ್ಳುತ್ತೆ. ತಳ್ಳುವ ಬಲ ದಾರದ ದಪ್ಪ, ಉದ್ದ, ಮತ್ತೆ ಸೆಳೆತದ ವೇಗದ ವರ್ಗ, ಇವುಗಳಿಗೆ ತಕ್ಕ ಹಾಗೆ ಇರುತ್ತೆ. 0.6 ಮಿಲಿಮೀಟರ್ ನೈಲಾನಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 220 ಗ್ರಾಂ ತೂಕದಷ್ಟು ಬಲ ಬರುತ್ತೆ. ಬ್ರೇಡಿಗೆ 110. ಈಗ ನೀವು ಕಟ್ಟಿದ್ದು 150 ಗ್ರಾಂ ಸೀಸ ಅಂದುಕೊಳ್ಳಿ. ನೀರಿನಲ್ಲಿ ಅದರ ತೂಕ ಇನ್ನೂ ಕಡಿಮೆ, 136 ಗ್ರಾಂ. ನೈಲಾನಿನಲ್ಲಿ ಸೀಸದ ತೂಕಕ್ಕಿಂತ ನೀರಿನ ತಳ್ಳಾಟವೇ ಹೆಚ್ಚು. ದಾರ ಬಿಲ್ಲಿನ ಹಾಗೆ ಬಾಗಿ ಸೀಸ ತಳ ಬಿಟ್ಟು ತೇಲುತ್ತೆ. ಬ್ರೇಡಿನಲ್ಲಿ ಸೀಸ ಗೆಲ್ಲುತ್ತೆ.

ವೇಗದ ವರ್ಗ ಅಂದೆನಲ್ಲ, ಅದೇ ಇಲ್ಲಿನ ಖಳನಾಯಕ. ಸೆಳೆತ ಎರಡು ನಾಟ್ ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನೈಲಾನಿಗೆ ಮುಕ್ಕಾಲು ಕೆಜಿಯೂ ದಾಟುತ್ತೆ. ಆಗ ಎಷ್ಟು ಸೀಸ ಕಟ್ಟಿದರೂ ಪ್ರಯೋಜನ ಇಲ್ಲ. ಜಾಗ ಬದಲಿಸಬೇಕು, ಇಲ್ಲ ಚಹಾ ಕುಡೀತಾ ಸೆಳೆತ ಇಳಿಯೋವರೆಗೆ ಕಾಯಬೇಕು.

ಎರಡನೆಯದು ಹಿಗ್ಗುವಿಕೆ. ಮೀನು ಜಗ್ಗಿದಾಗ ನೈಲಾನ್ ಶೇಕಡಾ ಹತ್ತು ಹಿಗ್ಗಿತು ಅನ್ನಿ. 25 ಮೀಟರಿಗೆ ಎರಡೂವರೆ ಮೀಟರ್ ಆಯಿತು. ಹಮೂರಿನ ಬಿಲ ಅಷ್ಟೇ ದೂರ ಇತ್ತು! ನೀವು ಮೇಲೆ ಹಲ್ಲು ಕಚ್ಚಿ ಎಳೀತಾ ಇದ್ದೀರಿ, ಮೀನು ಕೆಳಗೆ ಆರಾಮಾಗಿ ಮನೆ ಸೇರಿದೆ. ಬ್ರೇಡ್ ಹಿಗ್ಗೋದು ಅರ್ಧ ಮೀಟರ್ ಆಚೀಚೆ. ಮೀನು ಎರೆ ಮುಟ್ಟಿದ್ದು ಕೂಡ ಬೆರಳಿಗೆ ಕೂಡಲೇ ಗೊತ್ತಾಗುತ್ತೆ.

ಹಾಗಾದರೆ ಪೂರ್ತಿ ಬ್ರೇಡೇ ಹಾಕೋಣ ಅಂತೀರಾ? ಬೇಡ. ಬಿಗಿಯಾದ ಬ್ರೇಡ್ ಹವಳದ ಕಲ್ಲಿಗೆ ಒಮ್ಮೆ ಉಜ್ಜಿದರೆ ಸಾಕು, ಕತ್ತರಿಸಿದ ಹಾಗೆ ಹೋಗುತ್ತೆ. ಅದಕ್ಕೇ ಕೊನೆಯ ಎರಡು ಮೂರು ಮೀಟರ್ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್, ಲೀಡರ್ ಅನ್ನೋದು. ಹಮೂರಿಗೆ ನಾನು 30 ಕೆಜಿ ಆಸುಪಾಸಿನದು ಹಾಕ್ತೀನಿ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣೋದೇ ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿರ್ತಾರೆ. ಅದು ಪೂರ್ತಿ ನಿಜ ಅಲ್ಲ. ಕಡಲ ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.34, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಹತ್ತಿರ. ಅಂದರೆ ನೈಲಾನಿಗಿಂತ ಕಡಿಮೆ ಕಾಣುತ್ತೆ, ಅಷ್ಟೇ. ಬಿಲದ ಬಾಯಲ್ಲಿ ಕೂತು ಬಾಯಿ ತೆರೆದ ಹಮೂರ್ ಸೂಚ್ಯಂಕ ನೋಡುತ್ತೆ ಅಂತ ನನಗೇನೂ ಅನ್ನಿಸಲ್ಲ. ದುಡ್ಡು ಉಳಿಸಬೇಕಾದರೆ ದಪ್ಪ ನೈಲಾನ್ ಸಾಕು.

ಕನದಿಗೆ ಮಾತ್ರ ಗಾಳದ ಹತ್ತಿರ ಒಂದು ಗೇಣು ಉಕ್ಕಿನ ತಂತಿ ಬೇಕು. ಇಲ್ಲದಿದ್ದರೆ ಮೀನೂ ಹೋಗುತ್ತೆ, ಬಾಯಲ್ಲಿ ಗಾಳವೂ ಹೋಗುತ್ತೆ.

ರಾಡು, ರೀಲು, ಮತ್ತೆ ಬ್ರೇಕು

ರಾಡ್ ಅಂದರೆ ಸನ್ನೆಕೋಲು. ಆದರೆ ಇಲ್ಲಿ ಉದ್ದನೆಯ ತೋಳು ಸಿಕ್ಕಿರೋದು ಮೀನಿಗೆ. ರಾಡಿನ ಬುಡ ನಿಮ್ಮ ಹೊಟ್ಟೆಗೆ ಊರಿದೆ, ಅಲ್ಲಿಂದ 60 ಸೆಂಟಿಮೀಟರ್ ದೂರದಲ್ಲಿ ನಿಮ್ಮ ಎಡಗೈ. ರಾಡ್ 2.4 ಮೀಟರ್ ಉದ್ದ ಇದ್ದರೆ, ತುದಿಯಲ್ಲಿ ಮೀನು 6 ಕೆಜಿ ಬಲದಲ್ಲಿ ಜಗ್ಗಿದಾಗ ನಿಮ್ಮ ಎಡಗೈ ನಾಲ್ಕು ಪಟ್ಟು, 24 ಕೆಜಿ ಎತ್ತಬೇಕು. ರಾಡ್ 1.8 ಮೀಟರ್ ಆದರೆ ಮೂರೇ ಪಟ್ಟು, 18 ಕೆಜಿ. ರಾಡ್ ಬಾಗೋದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಆಗುತ್ತೆ, ಆದರೆ ಅನುಪಾತ ಅದೇ. ದಡದಿಂದ ದೂರಕ್ಕೆ ಎಸೆಯೋಕೆ ಉದ್ದ ಬೇಕು. ಬೋಟಿನಿಂದ ಕೆಳಕ್ಕೆ ಇಳಿಸೋಕೆ ಗಿಡ್ಡ ಮತ್ತು ಗಟ್ಟಿ ಇರಲಿ. ಗಂಗೊಳ್ಳಿ ಅಣ್ಣ ರಾಡನ್ನೇ ಮುಟ್ಟಲ್ಲ. ಕೈಯಲ್ಲೇ ದಾರ ಹಿಡಿದು ಕೂರ್ತಾರೆ. ಸನ್ನೆಕೋಲಿನ ಲೆಕ್ಕದಲ್ಲಿ ಅವರದ್ದೇ ಸರಿ, ಹಿಡಿದಷ್ಟೇ ಭಾರ. ಆದರೆ ಅವರ ಬೆರಳಿನ ಚರ್ಮ ನನ್ನ ಹತ್ತಿರ ಇಲ್ಲ.

ರೀಲಿನಲ್ಲಿ ಡ್ರ್ಯಾಗ್ ಅಂತ ಬ್ರೇಕು ಇರುತ್ತೆ. ಎಷ್ಟು ಬಲಕ್ಕೆ ದಾರ ಜಾರಬೇಕು ಅನ್ನೋದನ್ನ ಅದು ನಿರ್ಧರಿಸುತ್ತೆ. ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಿ ಅನ್ನೋದು ರೂಢಿ. 20 ಕೆಜಿ ದಾರಕ್ಕೆ 5, 6 ಕೆಜಿ. ಯಾಕೆ ಅಷ್ಟು ಕಡಿಮೆ? ಗಂಟಿನಲ್ಲಿ ದಾರದ ಬಲ ಕುಗ್ಗುತ್ತೆ, ಅದೊಂದು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿರದ ಸಂಗತಿ. ಬ್ರೇಕು ತಡೆಯೋದು ತಿರುಗುವಿಕೆಯನ್ನ. ದಾರದಲ್ಲಿ ಆಗುವ ಬಲ ಅಂದರೆ ಆ ತಿರುಚು ಬಲವನ್ನ ಸುರುಳಿಯ ತ್ರಿಜ್ಯದಿಂದ ಭಾಗಿಸಿದ್ದು. ತುಂಬಿದ ಸುರುಳಿಯ ಅಡ್ಡಳತೆ 60 ಮಿಲಿಮೀಟರ್ ಇದ್ದಾಗ 6 ಕೆಜಿಗೆ ಹೊಂದಿಸಿದ್ದೀರಿ. ಕನದ್ ದಾರ ಕಿತ್ತುಕೊಂಡು ಓಡಿ ಸುರುಳಿ 40ಕ್ಕೆ ಇಳಿಯಿತು. ನೀವು ಏನೂ ಮುಟ್ಟಿಲ್ಲ, ಆದರೂ ಬ್ರೇಕು ಈಗ 9 ಕೆಜಿ. ಅದರ ಮೇಲೆ ನೀರಲ್ಲಿ ಬಿದ್ದ ಉದ್ದ ದಾರದ ಎಳೆತ ಬೇರೆ. ದೂರ ಹೋದ ಮೀನು ಫಟ್ ಅಂತ ಕಿತ್ತುಕೊಂಡು ಹೋಗೋದು ಇದಕ್ಕೇ. ಓಡುವ ಮೀನಿಗೆ ಶುರುವಿನಲ್ಲೇ 2, 3 ಕೆಜಿ ಇಡಿ, ಓಟ ಹೆಚ್ಚಿದ ಹಾಗೆ ಸಡಿಲ ಮಾಡಿ. ನಮ್ಮ ಮನಸ್ಸು ಬಿಗಿ ಮಾಡು ಅನ್ನುತ್ತೆ, ಕೇಳಬೇಡಿ.

ಹಮೂರಿಗೆ ಉಲ್ಟಾ. ಮೊದಲ ಮೂರು ಸೆಕೆಂಡಿಗೆ ಪೂರ್ತಿ ಬಿಗಿ, ಒಂದಿಂಚೂ ಕೊಡಬಾರದು. ತಳದಿಂದ ಮೂರ್ನಾಲ್ಕು ಮೀಟರ್ ಎತ್ತಿದರೆ ಅರ್ಧ ಗೆದ್ದ ಹಾಗೆ. ಬಿಲಕ್ಕೆ ಹೋಗಿಬಿಟ್ಟಿತಾ? ಜಗ್ಗಿ ಕಿತ್ತುಕೊಳ್ಳೋ ಬದಲು ದಾರ ಪೂರ್ತಿ ಸಡಿಲ ಬಿಟ್ಟು ಒಂದೆರಡು ನಿಮಿಷ ಸುಮ್ಮನಿರಿ. ಎಳೆತ ನಿಂತಾಗ ಕೆಲವೊಮ್ಮೆ ಅದೇ ಹೊರಗೆ ಬರುತ್ತೆ.

ಎಲ್ಲಿ ನಿಲ್ಲಿಸೋದು, ಯಾವಾಗ ಇಳಿಸೋದು

ಸಾಮಾನು ಸರಿ ಇದ್ದೂ ಬರಿಗೈಯಲ್ಲಿ ಬರೋದು ಜಾಗ ಮತ್ತು ಹೊತ್ತು ತಪ್ಪಿದಾಗ. ಸತ್ತ ಎರೆಯ ವಾಸನೆ ಸೆಳೆತದ ಜೊತೆ ಹೊಗೆಯ ಹಾಗೆ ಹರಡಿಕೊಂಡು ಹೋಗುತ್ತೆ. ಮೀನು ಆ ಜಾಡು ಹಿಡಿದು ಎದುರು ಈಜಿ ಬರುತ್ತೆ. ಅಂದರೆ ಬೋಟು ಇರಬೇಕಾದ್ದು ಕಲ್ಲಿನ ಮೇಲಲ್ಲ, ಸೆಳೆತದ ಮೇಲ್ಭಾಗದಲ್ಲಿ. ಲಂಗರನ್ನ ಮರಳಿನಲ್ಲಿ ಹಾಕಿ, ಹಗ್ಗ ಬಿಟ್ಟುಕೊಂಡು, ಎರೆ ಕಲ್ಲಿನ ಅಂಚಿಗೆ ಬರುವ ಹಾಗೆ ನಿಂತುಕೊಳ್ಳಿ. ಹೀಗೆ ಮಾಡಿದರೆ ಲಂಗರಿಂದ ಉಳಿದ ಹವಳ ಮುರಿಯೋದೂ ತಪ್ಪುತ್ತೆ. ಆಳ ತೋರಿಸುವ ಸೌಂಡರ್ ಇದ್ದರೆ ತಳ ಗಟ್ಟಿಯೋ ಮೆತ್ತಗೋ ಅದು ಹೇಳುತ್ತೆ. ಇಲ್ಲದಿದ್ದರೆ ಸೀಸ ಹೇಳುತ್ತೆ: ಕಲ್ಲಿಗೆ ಟಕ್ ಅನ್ನುತ್ತೆ, ಮರಳಿಗೆ ದಪ್ ಅನ್ನುತ್ತೆ.

ಹೊತ್ತು ಅಂದರೆ ಉಬ್ಬರ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು, ಹಾಗಾಗಿ ಸೆಳೆತವೂ ಹೆಚ್ಚು. ವೇಗದ ವರ್ಗದ ಲೆಕ್ಕ ನೆನಪಿದೆಯಲ್ಲ? ಹೊಸಬರು ಅಷ್ಟಮಿ ನವಮಿಯ ಹತ್ತಿರದ ದಿನ ಆರಿಸಿಕೊಂಡರೆ ದಾರ ನೆಟ್ಟಗೆ ಇಳಿಯುತ್ತೆ. ಆ ದಿನದಲ್ಲೂ ನೀರು ಪೂರ್ತಿ ನಿಂತಾಗ ಮೀನು ಸೋಮಾರಿ. ನಿಲ್ಲೋದಕ್ಕೆ ಮುಂಚಿನ ಮತ್ತು ತಿರುಗಿದ ಮೇಲಿನ ನಿಧಾನ ಸೆಳೆತದ ಗಂಟೆ ನನಗೆ ಒದಗಿ ಬಂದಿದೆ. ಕನದಿಗಾದರೆ ಲಂಗರೇ ಬೇಡ. ದಿಬ್ಬದ ಅಂಚು ಹಿಡಿದು ನಾಲ್ಕರಿಂದ ಆರು ನಾಟ್ ವೇಗದಲ್ಲಿ ಹುಸಿಮೀನು ಎಳೆದುಕೊಂಡು ಹೋಗಿ.

ಹುಸಿಮೀನಿನ ಬಣ್ಣದ ಬಗ್ಗೆ ಜಗಳ ಆಡಬೇಡಿ. ನೀರು ಕೆಂಪು ಬೆಳಕನ್ನ ಮೊದಲ ಕೆಲವೇ ಮೀಟರಿನಲ್ಲಿ ನುಂಗಿಬಿಡುತ್ತೆ. ಇಪ್ಪತ್ತು ಮೀಟರಿನಲ್ಲಿ ನಿಮ್ಮ ದುಬಾರಿ ಕೆಂಪು ಜಿಗ್ ಬರೀ ಕಪ್ಪು ತುಂಡು.

ಗಾಳದ ಆಕಾರ

ಎರೆ ಕಟ್ಟಿ ತಳಕ್ಕೆ ಇಳಿಸೋದಾದರೆ ಮೊನೆ ಒಳಕ್ಕೆ ಬಾಗಿದ ಗಾಳ, ಸರ್ಕಲ್ ಹುಕ್ ಅನ್ನೋದು, ತಗೊಳ್ಳಿ. ಮೀನು ನುಂಗಿದರೂ ಮೊನೆ ಒಳಮುಖ ಇರೋದರಿಂದ ಗಂಟಲಿಗೆ ಚುಚ್ಚಿಕೊಳ್ಳಲ್ಲ. ದಾರ ಬಿಗಿಯಾದಾಗ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಕೂರುತ್ತೆ. ಒಂದೇ ಷರತ್ತು: ಸಿನಿಮಾದಲ್ಲಿ ತೋರಿಸೋ ಹಾಗೆ ರಾಡನ್ನ ಜೋರಾಗಿ ಮೇಲಕ್ಕೆ ಸೆಳೀಬಾರದು. ಸುಮ್ಮನೆ ಸುತ್ತುತ್ತಾ ಬಿಗಿ ಮಾಡಿ. ನಮ್ಮವರಿಗೆ ಇದೇ ಕಷ್ಟ, ಕೈ ತಡೆಯಲ್ಲ. ಬಾಯಿ ಮೂಲೆಗೆ ಸಿಕ್ಕಿದ ಮೀನನ್ನ ಬಿಡೋಕೂ ಸುಲಭ. ಯಾಕೆ ಬಿಡಬೇಕು ಅನ್ನೋದು ಮುಂದಿನ ಮಾತು.

ಹೊಟ್ಟೆಯೊಳಗಿನ ಗಾಳಿ

ಹಮೂರ್ ಹುಟ್ಟುವಾಗ ಗಂಡಾಗಿ ಹುಟ್ಟೋದಿಲ್ಲ. ಮೊದಲು ಹೆಣ್ಣಾಗಿ ಬಲಿಯುತ್ತೆ, ಮೊಟ್ಟೆ ಇಡುತ್ತೆ, ವರ್ಷಗಳು ಕಳೆದು ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗಿ ಬದಲಾಗುತ್ತವೆ. ಹಾಗಾಗಿ ಎರಡು ಕಡೆಯಿಂದಲೂ ಹೊಡೆತ. ಚಿಕ್ಕದನ್ನೆಲ್ಲ ಹಿಡಿದರೆ ಒಮ್ಮೆಯೂ ಮೊಟ್ಟೆ ಇಡದ ಹೆಣ್ಣುಗಳು ಹೋಗುತ್ತವೆ. ಫೋಟೋಗೆ ಅಂತ ದೊಡ್ಡದನ್ನೆಲ್ಲ ಹಿಡಿದರೆ ಗಂಡುಗಳೇ ಉಳಿಯಲ್ಲ. ಅಬುಧಾಬಿಯ ಪರಿಸರ ಸಂಸ್ಥೆಯ ಅಧ್ಯಯನಗಳು ಹಮೂರ್ ಮಿತಿಮೀರಿ ಹಿಡಿಯಲ್ಪಟ್ಟ ಮೀನು ಅಂತ ವರ್ಷಗಳಿಂದ ಹೇಳುತ್ತಾ ಬಂದಿವೆ. ಕಡಲು ಒಂದೇ, ಗೋಡೆ ಇಲ್ಲ.

ಸರಿ, ಚಿಕ್ಕದನ್ನ ಬಿಡೋಣ. ನನ್ನ ಹಾಗೆ ಬಿಟ್ಟರೆ?

ಹಮೂರಿನ ಬೆನ್ನೆಲುಬಿನ ಕೆಳಗೆ ಒಂದು ಗಾಳಿಚೀಲ ಇದೆ. ಈಜದೇ ಒಂದೇ ಮಟ್ಟದಲ್ಲಿ ನಿಲ್ಲೋಕೆ ಅದು ಬೇಕು. ಹಮೂರಿನಲ್ಲಿ ಆ ಚೀಲಕ್ಕೂ ಬಾಯಿಗೂ ದಾರಿ ಇಲ್ಲ. ಗಾಳಿ ರಕ್ತದಿಂದಲೇ ಬರಬೇಕು, ರಕ್ತಕ್ಕೇ ಹೋಗಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ಈಗ ಒತ್ತಡ ನೋಡಿ. ಮೇಲ್ಮೈಯಲ್ಲಿ ಒಂದು ವಾತಾವರಣದ ಒತ್ತಡ. ಪ್ರತಿ ಹತ್ತು ಮೀಟರಿಗೆ ಇನ್ನೊಂದು ಸೇರುತ್ತೆ. 20 ಮೀಟರಿನಲ್ಲಿ ಮೂರು. ಬಾಯ್ಲನ ನಿಯಮ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀವಿ: ಒತ್ತಡ ಮೂರರಲ್ಲೊಂದಾದರೆ ಗಾತ್ರ ಮೂರು ಪಟ್ಟು. ನಾವು ಒಂದು ನಿಮಿಷದಲ್ಲಿ ಮೀನನ್ನ ಮೇಲೆ ತಂದೆವು. ಚೀಲ ಮೂರು ಪಟ್ಟು ಹಿಗ್ಗೋಕೆ ನೋಡುತ್ತೆ, ಒಳಗಿನ ಅಂಗಗಳನ್ನೆಲ್ಲ ಒತ್ತುತ್ತೆ, ಜಠರವನ್ನ ಬಾಯಿಯಿಂದ ಹೊರಕ್ಕೆ ತಳ್ಳುತ್ತೆ, ಕಣ್ಣು ಉಬ್ಬುತ್ತೆ. ನಾನು ಅವತ್ತು ನೋಡಿದ ಗುಲಾಬಿ ಬಲೂನು ಗಾಳಿಚೀಲ ಅಲ್ಲ, ಜಠರ. ಅದನ್ನ ಸೂಜಿಯಿಂದ ಚುಚ್ಚಿ ಗಾಳಿ ಬಿಡಿ ಅಂತ ಕೆಲವರು ಹೇಳ್ತಾರೆ. ದಯವಿಟ್ಟು ಬೇಡ, ಅದು ಹೊಟ್ಟೆಗೆ ತೂತು ಹೊಡೆದ ಹಾಗೆ. ನಿಧಾನಕ್ಕೆ ಮೇಲೆ ತಂದರೆ ಸರಿಹೋಗುತ್ತಾ? ಇಲ್ಲ, ಗಂಟೆಗಳ ಕೆಲಸ ಅದು, ಹತ್ತು ನಿಮಿಷ ನಿಧಾನ ಮಾಡಿದರೆ ಮೀನಿಗೆ ಸುಸ್ತು ಅಷ್ಟೇ.

ಉಪಾಯ ಬಾಯ್ಲನ ನಿಯಮದಲ್ಲೇ ಇದೆ. ಮೀನನ್ನ ಮತ್ತೆ ಕೆಳಗೆ ಒಯ್ಯಿರಿ, ಒತ್ತಡವೇ ಚೀಲವನ್ನ ಕುಗ್ಗಿಸುತ್ತೆ. ಅಂಗಡಿಯಲ್ಲಿ ಇದಕ್ಕೆ ಡಿಸೆಂಡರ್ ಅಂತ ಸಿಗುತ್ತೆ. ಮನೆಯಲ್ಲೂ ಮಾಡಬಹುದು. ಒಂದು ದೊಡ್ಡ ಗಾಳ ತಗೊಂಡು ಅದರ ಹಿಂಮುಳ್ಳನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೇಲಿನ ದಾರವನ್ನ ಗಾಳದ ಬಾಗಿದ ಭಾಗಕ್ಕೆ ಕಟ್ಟಿ, ಕಣ್ಣಿಗೆ ಒಂದು ಕೆಜಿ ಸೀಸ ತೂಗಿಬಿಡಿ. ಗಾಳ ತಲೆಕೆಳಗಾಗಿ ಮೊನೆ ಕೆಳಮುಖ ಆಯಿತಲ್ಲ? ಆ ಮೊನೆಯನ್ನ ಮೀನಿನ ತುಟಿಯಲ್ಲಿ ಮೊದಲೇ ಆಗಿರುವ ತೂತಿಗೆ ಸಿಕ್ಕಿಸಿ ಕೆಳಗೆ ಬಿಡಿ. ಸೀಸ ಮೀನನ್ನ ಕರೆದುಕೊಂಡು ಹೋಗುತ್ತೆ. ತಳ ಮುಟ್ಟಿದ ಮೇಲೆ ಒಮ್ಮೆ ಜಗ್ಗಿದರೆ ಮೊನೆ ತಾನೇ ಕಳಚಿಕೊಳ್ಳುತ್ತೆ. ಇಡೀ ಕೆಲಸಕ್ಕೆ ಒಂದು ನಿಮಿಷ. ಇದನ್ನ ಗಾಳ ಇಳಿಸೋಕೆ ಮುಂಚೆಯೇ ಕಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೀನು ಡೆಕ್ಕಿನ ಮೇಲೆ ಒದ್ದಾಡುವಾಗ ಪೆಟ್ಟಿಗೆಯಲ್ಲಿ ಹುಡುಕೋದಲ್ಲ.

ನಾನು ಎರಡನೇ ಸಲ ಇದನ್ನ ಮಾಡಿದಾಗ ಅಣ್ಣ ಪಕ್ಕದಲ್ಲೇ ಇದ್ದರು. "ಒಂದು ಕೆಜಿ ಸೀಸ ಮೀನು ಬಿಡೋದಕ್ಕಾ?" ಅಂತ ನಕ್ಕರು. ಆಮೇಲೆ ಬಹಳ ಹೊತ್ತು ನೀರು ನೋಡ್ತಾ ಕೂತಿದ್ದರು. ಏನೂ ತೇಲಿ ಬರಲಿಲ್ಲ. ಈಗ ಆ ಸೀಸ ಅವರ ಪೆಟ್ಟಿಗೆಯಲ್ಲೇ ಇರುತ್ತೆ, ನನ್ನ ಹತ್ತಿರ ವಾಪಸ್ ಬಂದಿಲ್ಲ.

ಕನದಿಗೆ ಈ ತೊಂದರೆ ಇಲ್ಲ, ಅದಕ್ಕೆ ಗಾಳಿಚೀಲವೇ ಇಲ್ಲ. ಅದರ ಕಷ್ಟ ಬೇರೆ. ಕಿವಿರಿಗೆ ನೀರು ಹರಿಯಬೇಕಾದರೆ ಅದು ಈಜುತ್ತಲೇ ಇರಬೇಕು. ಬಿಡೋದಾದರೆ ಕೈಯಲ್ಲಿ ಹಿಡಿದು ಫೋಟೋ ತೆಗೆಯುವ ಹೊತ್ತು ಅದಕ್ಕೆ ಉಸಿರು ಕಟ್ಟಿದ ಹೊತ್ತು. ತಲೆ ಮುಂದೆ ಮಾಡಿ ನೇರ ನೀರಿಗೆ ತಳ್ಳಿಬಿಡಿ.

ಆಗಸ್ಟಿನಲ್ಲಿ ನಾನು ಬಿಡುವ ಆಟಕ್ಕೇ ಹೋಗಲ್ಲ. ಬಿಸಿ ನೀರು, ಉಪ್ಪು ನೀರು ಎರಡೂ ಆಮ್ಲಜನಕವನ್ನ ಕಡಿಮೆ ಹಿಡಿದುಕೊಳ್ಳುತ್ತವೆ. 18 ಡಿಗ್ರಿಯ ಚಳಿಗಾಲದ ನೀರಿಗೆ ಹೋಲಿಸಿದರೆ 35 ಡಿಗ್ರಿಯ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಸುಮಾರು ಕಾಲು ಭಾಗ ಕಡಿಮೆ. ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಹೆಚ್ಚು. ಒದ್ದಾಡಿ ಸುಸ್ತಾದ ಮೀನು ಆ ನೀರಿನಲ್ಲಿ ಸುಧಾರಿಸಿಕೊಳ್ಳೋದು ಕಷ್ಟ. ಬೇಸಿಗೆಯಲ್ಲಿ ಊಟಕ್ಕೆ ಬೇಕಾದಷ್ಟು ಹಿಡಿದು ಗಾಳ ಮೇಲೆ ಎತ್ತಿಬಿಡೋದು.

ಗಾಳಿ, ಗಡಿ

ಇದು ಚಿಕ್ಕದಾಗಿ, ಆದರೆ ಗಮನ ಇಟ್ಟು ಕೇಳಿ. ಇಲ್ಲಿನ ಗಾಳಿಗೆ ಶಮಾಲ್ ಅಂತ ಹೆಸರು, ವಾಯವ್ಯದಿಂದ ಬೀಸುತ್ತೆ. ಆಳ ಕಡಿಮೆ ಇರೋದರಿಂದ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೆ ಒಂದು. ನಮ್ಮೂರಿನ ಉದ್ದನೆಯ ತೆರೆಯ ಹಾಗಲ್ಲ. ಸಣ್ಣ ಬೋಟಿಗೆ ಅದು ಹೆಚ್ಚು ಅಪಾಯ. ಮುನ್ಸೂಚನೆ 15 ನಾಟ್ ಅಂತ ಇದ್ದರೆ ನಾನು ಮನೆಯಲ್ಲೇ ಇರ್ತೀನಿ.

ಶಮಾಲ್ ಬೋಟನ್ನ ತಳ್ಳೋದು ಆಗ್ನೇಯಕ್ಕೆ. ಫಶ್ತ್ ಅಲ್ ಅಧ್ಮ್‌ನಿಂದ ಆ ಕಡೆ ಏನಿದೆ? ಕತಾರ್. ಎರಡು ದೇಶಗಳ ಕಡಲ ಗಡಿಯನ್ನ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2001ರ ಮಾರ್ಚ್ 16ರಂದು ತೀರ್ಮಾನಿಸಿತು. ಹವಾರ್ ದ್ವೀಪಗಳು ಬಹರೈನ್‌ಗೆ ಉಳಿದವು, ಫಶ್ತ್ ಅಲ್ ದಿಬಲ್ ಅನ್ನೋ ದಿಬ್ಬ ಕತಾರ್ ಪಾಲಾಯಿತು. ನೀರಿನ ಮೇಲೆ ಗೆರೆ ಕಾಣಲ್ಲ. ಎಂಜಿನ್ ನಿಲ್ಲಿಸಿ ತೇಲ್ತಾ ಗಾಳ ಹಾಕುವಾಗ ಮೀನಿನ ಗುಂಗಿನಲ್ಲಿ ಗೆರೆ ದಾಟಿದವರು ಇದ್ದಾರೆ. ಆಮೇಲೆ ಪಾಸ್‌ಪೋರ್ಟ್, ಕೆಲಸ, ಮನೆಯವರ ಕಣ್ಣೀರು, ಎಲ್ಲ ಸೇರಿಕೊಳ್ಳುತ್ತೆ. ಜಿಪಿಎಸ್‌ನಲ್ಲಿ ಗಡಿಗಿಂತ ಸಾಕಷ್ಟು ಈಚೆಗೇ ಒಂದು ಎಚ್ಚರಿಕೆಯ ಗೆರೆ ಹಾಕಿಕೊಳ್ಳಿ. ನಖುದಾ ಬೇಡ ಅಂದ ಕಡೆಗೆ ಹೋಗೋಣ ಅಂತ ಒತ್ತಾಯ ಮಾಡಬೇಡಿ. ಪರವಾನಗಿ ಏನು ಬೇಕು, ಯಾವ ತಿಂಗಳು ಯಾವ ಮೀನಿಗೆ ನಿಷೇಧ ಅನ್ನೋದು ಬದಲಾಗ್ತಾ ಇರುತ್ತೆ, ಹೊರಡುವ ವಾರ ಕೇಳಿಕೊಳ್ಳಿ. ಲೈಫ್ ಜಾಕೆಟ್ ಬೋಟಿನಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು.

ಮೊದಲ ಪ್ರಶ್ನೆಗೆ ಉತ್ತರ ಉಳೀತಲ್ಲ. ಒಂದೇ ಸೆಟ್ ತಗೊಳ್ಳೋದಾದರೆ: 1.8 ಮೀಟರಿನ ಗಟ್ಟಿ ರಾಡ್, ನುಣುಪಾಗಿ ಜಾರುವ ಬ್ರೇಕಿನ ರೀಲು, 20 ಕೆಜಿ ಬ್ರೇಡ್ 200 ಮೀಟರ್, ದಪ್ಪ ನೈಲಾನ್ ಲೀಡರ್, ಒಳಬಾಗಿದ ಗಾಳ, 100ರಿಂದ 250 ಗ್ರಾಂವರೆಗಿನ ಸೀಸ, ಒಂದು ಗೇಣು ತಂತಿ, ಇಕ್ಕಳ, ಮತ್ತೆ ಆ ಒಂದು ಕೆಜಿಯ ತಲೆಕೆಳಗಿನ ಗಾಳ. ದುಡ್ಡು ಎಲ್ಲಿ ಹೆಚ್ಚು ಹಾಕಬೇಕು ಅಂದರೆ ರೀಲಿನ ಬ್ರೇಕಿಗೆ. ಮನೆಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಲ್ಲಿ ತೊಳೀರಿ. ಇಲ್ಲಿನ ಉಪ್ಪು ಒಂದೇ ವಾರದಲ್ಲಿ ಬೇರಿಂಗ್ ತಿಂದುಹಾಕುತ್ತೆ.

ಮುಂದಿನ ಸಂಚಿಕೆಯಲ್ಲಿ ಬಹರೈನ್‌ನ ಕಡಲ ತಳದಿಂದ ಉಕ್ಕುತ್ತಿದ್ದ ಸಿಹಿನೀರಿನ ಬುಗ್ಗೆಗಳ ಬಗ್ಗೆ ಮಾತಾಡೋಣ. ಮುತ್ತು ತೆಗೆಯುವವರು ಚರ್ಮದ ಚೀಲದಲ್ಲಿ ಕಡಲೊಳಗಿಂದ ಕುಡಿಯುವ ನೀರು ತರ್ತಿದ್ದರಂತೆ. ಆ ನೀರು ಎಲ್ಲಿಂದ ಬರ್ತಿತ್ತು, ಈಗ ಯಾಕೆ ಬತ್ತಿತು ಅನ್ನೋದು ಕಥೆ. ಪ್ರಶ್ನೆ, ತಿದ್ದುಪಡಿ ಏನಿದ್ದರೂ ಕಳಿಸಿ.